ಹಳೆ ಡಬ್ಬಕ್ಕೆ ಎರಡನೇ ಡಿಸ್ಕು

ತೀರ್ಥಹಳ್ಳಿಯಲ್ಲಿ ನಮ್ಮ ಭಾವನದೊಂದು ಡಿಟಿಪಿ ಅಂಗಡಿ. ಅಲ್ಲಿರುವ ಕಂಪ್ಯೂಟರನ್ನು 2008ರಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಜೋಡಿಸಿ ತಂದದ್ದು. ಇಂಟೆಲ್ ಜಿ31 ಚಿಪ್‌ಸೆಟ್ಟಿನ ಮದರ್‌ಬೋರ್ಡು, ಎರಡು ಜಿಬಿ ರ‍್ಯಾಮು, 160 ಜಿಬಿ ಹಾರ್ಡ್ ಡಿಸ್ಕು, ವಿಂಡೋಸ್ ಎಕ್ಸ್‌ಪಿ. ಮದುವೆ ಕಾಗದ, ಗೃಹಪ್ರವೇಶದ ಕಾರ್ಡು, ಸಹಕಾರ ಸಂಘದ ವಾರ್ಷಿಕ ವರದಿ, ವೈಕುಂಠ ಸಮಾರಾಧನೆಯ ಪತ್ರ ಎಲ್ಲವೂ ಇವತ್ತಿಗೂ ಅದರಲ್ಲೇ ತಯಾರಾಗುವುದು. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್‌ನಲ್ಲೇ ಎಳ್ಳುನೀರು ಬಿಟ್ಟಿದೆ. ಹಾಗಾಗಿ ಭಾವ ಅದಕ್ಕೆ ಇಂಟರ್‌ನೆಟ್ಟಿನ ಗಾಳಿ ಸೋಕಿಸುವುದಿಲ್ಲ. ಇಮೇಲು, ವಾಟ್ಸಾಪು ಎಲ್ಲ ಪಕ್ಕದ ಲ್ಯಾಪ್‌ಟಾಪಿನಲ್ಲಿ.

"ಹೊಸದು ತಗೊಳ್ಳಿ ಭಾವ" ಎಂದು ನಾನು ವರ್ಷಕ್ಕೊಮ್ಮೆ ಹೇಳುತ್ತೇನೆ. "ತಗೊಂಡ್ರೆ ಪೇಜ್‌ಮೇಕರ್ ನಿಮ್ಮಜ್ಜ ಓಡಿಸ್ತಾನಾ ಮಾರಾಯ?" ಎಂದು ಅವರು ವರ್ಷಕ್ಕೊಮ್ಮೆ ಉತ್ತರ ಕೊಡುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ. ಪುಟ ಜೋಡಿಸುವ ತಂತ್ರಾಂಶ ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಯೂನಿಕೋಡ್ ಎಂದರೆ ಏನೆಂದು ಅದಕ್ಕೆ ಗೊತ್ತಿಲ್ಲ. ಅದರ ಜೊತೆ ದುಡಿಯುವ, ‘ನುಡಿ’ ತಂತ್ರಾಂಶದ ಹಳೆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿಕೊಂಡಂಥವು. ಫಾಂಟು ತಪ್ಪಿದರೆ "ಶ್ರೀ ಗಣೇಶಾಯ ನಮಃ" ಅಂತಿದ್ದದ್ದು ಗಿಜಿಗಿಜಿ ರೋಮನ್ ಲಿಪಿಯಾಗಿ ಕೂರುತ್ತದೆ. ಹದಿನೈದು ವರ್ಷದ ಕೆಲಸ ಆ ಹಳೆ ಡಬ್ಬದೊಳಗೆ, ಆ ಹಳೆ ಫಾಂಟಿನಲ್ಲಿ ಇರುವಾಗ ಡಬ್ಬವನ್ನು ಬಿಸಾಕಿ ಎಂದು ಹೇಳುವುದು ಸುಲಭ.

ಕಳೆದ ಮದುವೆ ಸೀಸನ್ನಿನಲ್ಲಿ ಅವರೇ ಫೋನು ಮಾಡಿದರು. ಡಿಸ್ಕು ತುಂಬಿದೆ. ಮೂಲೆಯಲ್ಲಿ ಹಳದಿ ಬಲೂನು ಎದ್ದು ಜಾಗವಿಲ್ಲ ಎಂದು ಗೋಳಿಡುತ್ತಿದೆ. ಹುಡುಗ-ಹುಡುಗಿಯ ಫೋಟೋ ಅಂತ ಗಿರಾಕಿಗಳು ಈಗ ಕೊಡುವುದು ಒಂದೊಂದೂ ಹತ್ತಿಪ್ಪತ್ತು ಎಂಬಿ. "ಇದರೊಳಗೆ ಇನ್ನೊಂದು ಡಿಸ್ಕು ಕೂರಿಸಬಹುದಾ? ಇದಕ್ಕೆ ಹೊಂದೋದು ಈಗ ಸಿಗುತ್ತಾ?"

ಹೊಂದುವುದು ಅಂದರೆ ಸಾಮಾನ್ಯವಾಗಿ ನಾವು ನೋಡುವುದು ಪಿನ್ನು ತೂತಿಗೆ ಹೋಗುತ್ತದೋ ಇಲ್ಲವೋ ಎಂದು. ಹಳೆ ಕಂಪ್ಯೂಟರಿನಲ್ಲಿ ಅದು ಸಣ್ಣ ವಿಷಯ. ಪಿನ್ನು ಹೋಗುತ್ತದೆ. ಪೇಚು ಬರುವುದು ಲೆಕ್ಕದಲ್ಲಿ.

ಭಾನುವಾರ ಹೋಗಿ ಪಕ್ಕದ ತಗಡು ಬಿಚ್ಚಿದೆ. ಒಳಗೆ ಮೊದಲು ಕಂಡದ್ದು ಎರಡು ಹಲ್ಲಿ ಮೊಟ್ಟೆ, ಆಮೇಲೆ ಕಂಬಳಿಯ ಹಾಗೆ ಕೂತ ಧೂಳು. ಒಂದೂವರೆ ಇಂಚಿನ ಒಣ ಪೇಂಟ್ ಬ್ರಷ್ಷಿನಲ್ಲಿ ಮೆಲ್ಲಗೆ ಗುಡಿಸಿದ ಮೇಲೆ ಬೋರ್ಡಿನ ಅಂಚಿನಲ್ಲಿ ಬೆರಳುಗುರಿನಷ್ಟು ಅಗಲದ ನಾಲ್ಕು ಪೋರ್ಟುಗಳು ಕಂಡವು. ಒಳಗಿನ ನಾಲಿಗೆ ಇಂಗ್ಲಿಷಿನ ಎಲ್ ಅಕ್ಷರದ ಹಾಗೆ ಮಡಚಿಕೊಂಡಿರುತ್ತದೆ. ಅದೇ ಸಾಟಾ. ಹಳೆ ಡಿಸ್ಕು ಒಂದನ್ನು ಹಿಡಿದಿತ್ತು, ಮೂರು ಖಾಲಿ. ಡಿವಿಡಿ ರೈಟರು ಮಾತ್ರ ಪಟ್ಟಿಯಂಥ ಅಗಲ ಕೇಬಲ್ಲಿನಲ್ಲಿ ಐಡಿಇ ಪೋರ್ಟಿಗೆ ನೇತಾಡುತ್ತಿತ್ತು. 2008ರ ಬೋರ್ಡುಗಳು ಹೀಗೆ ಎರಡು ದೋಣಿಯ ಮೇಲೆ ಕಾಲಿಟ್ಟ ಕಾಲದವು.

ಸಾಟಾ ಡಿಸ್ಕುಗಳು ಮಾರುಕಟ್ಟೆಗೆ ಬಂದದ್ದು 2003ರಲ್ಲಿ. ಮೊದಲ ಪೀಳಿಗೆಯ ವೇಗ ಸೆಕೆಂಡಿಗೆ 1.5 ಗಿಗಾಬಿಟ್, ಆಮೇಲೆ 3, ಆಮೇಲೆ 6. ಈ ಮೂರರಲ್ಲೂ ಡೇಟಾಕ್ಕೆ ಏಳು ಪಿನ್ನು, ಕರೆಂಟಿಗೆ ಹದಿನೈದು. ಆಕಾರ ಬದಲಾಗಲಿಲ್ಲ. ಇವತ್ತು ಅಂಗಡಿಯಿಂದ ತಂದ ಹೊಸ ಡಿಸ್ಕು ಮತ್ತು 2008ರ ಬೋರ್ಡು ಕರೆಂಟು ಬಂದ ಕ್ಷಣದಲ್ಲಿ ತಮ್ಮತಮ್ಮಲ್ಲೇ ಮಾತಾಡಿಕೊಂಡು ಇಬ್ಬರಿಗೂ ಆಗುವ ವೇಗಕ್ಕೆ ಇಳಿಯುತ್ತವೆ. ಭಾವನ ಬೋರ್ಡಿನದು 3 ಗಿಗಾಬಿಟ್, ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 300 ಎಂಬಿ. ತಟ್ಟೆ ತಿರುಗುವ ಒಂದು ಟಿಬಿ ಡಿಸ್ಕು ಅಷ್ಟು ವೇಗವಾಗಿ ಓದಿಕೊಡುವುದೇ ಇಲ್ಲವಾದ್ದರಿಂದ ನಷ್ಟವೇನೂ ಇಲ್ಲ. ಒಂದು ಅಪವಾದ ಉಂಟು. ವಿಯಾ ಕಂಪನಿಯ ವಿಟಿ8237 ಚಿಪ್ಪಿದ್ದ ಹಳೆ ಬೋರ್ಡುಗಳಿಗೆ ಈ ಮಾತುಕತೆ ಬರುತ್ತಿರಲಿಲ್ಲ. 3 ಗಿಗಾಬಿಟ್ಟಿನ ಡಿಸ್ಕು ಹಾಕಿದರೆ ಕಣ್ಣಿಗೇ ಕಾಣುತ್ತಿರಲಿಲ್ಲ. ಆಗಿನ ಡಿಸ್ಕುಗಳ ಹಿಂಬದಿಯಲ್ಲಿ ಅಕ್ಕಿಕಾಳಿಗಿಂತ ತುಸು ದೊಡ್ಡದೊಂದು ಜಂಪರ್ ಸಿಕ್ಕಿಸಿ ವೇಗವನ್ನು 1.5ಕ್ಕೆ ಇಳಿಸಬೇಕಿತ್ತು.

ನಿಮ್ಮದು ಅದಕ್ಕೂ ಹಿಂದಿನ, ಬರೀ ಐಡಿಇ ಇರುವ ಯಂತ್ರವಾದರೆ ಕಥೆ ಬೇರೆ. ಒಂದೇ ಪಟ್ಟಿ ಕೇಬಲ್ಲಿನಲ್ಲಿ ಇಬ್ಬರು ಇರಬೇಕು, ಒಬ್ಬ ಮಾಸ್ಟರ್, ಇನ್ನೊಬ್ಬ ಸ್ಲೇವ್, ಅದನ್ನು ಜಂಪರಿನಿಂದ ನಾವೇ ತೀರ್ಮಾನಿಸಬೇಕು. ಇಬ್ಬರನ್ನೂ ಮಾಸ್ಟರ್ ಮಾಡಿದರೆ ಎರಡೂ ಡಿಸ್ಕು ನಾಪತ್ತೆ. 80 ತಂತಿಯ ಕೇಬಲ್ಲಿದ್ದರೆ ನೀಲಿ ತುದಿ ಬೋರ್ಡಿಗೆ, ಕಪ್ಪು ತುದಿ ಮಾಸ್ಟರಿಗೆ, ನಡುವಿನ ಬೂದು ಸ್ಲೇವಿಗೆ. ಅದರಲ್ಲೂ ಸಂಕೇತ ಸಾಗುವುದು 40 ತಂತಿಯಲ್ಲೇ. ಮಿಕ್ಕ 40 ಅಕ್ಕಪಕ್ಕದ ಮಾತು ಒಂದಕ್ಕೊಂದು ಕೇಳಿಸದ ಹಾಗೆ ನಡುವೆ ಕೂತ ಗೋಡೆ. ಐಡಿಇ ಡಿಸ್ಕು ಹೊಸದಾಗಿ ಈಗ ಯಾರೂ ಮಾಡುವುದಿಲ್ಲ. ಹಳೆಯದನ್ನು ಹುಡುಕಿ ಹಾಕುವುದಕ್ಕಿಂತ ಪಿಸಿಐ ಸ್ಲಾಟಿಗೆ ಒಂದು ಸಾಟಾ ಕಾರ್ಡು ಹಾಕುವುದು ವಾಸಿ ಎಂದು ನನ್ನ ಮತ.

ಈಗ ಲೆಕ್ಕಕ್ಕೆ ಬರೋಣ.

ಡಿಸ್ಕೆಂದರೆ ಸಾಲು ಮನೆಗಳ ಊರು ಎಂದುಕೊಳ್ಳಿ. ಒಂದೊಂದು ಮನೆಯಲ್ಲಿ 512 ಬೈಟು ಹಿಡಿಯುತ್ತದೆ, ಅದಕ್ಕೆ ಸೆಕ್ಟರ್ ಎನ್ನುತ್ತಾರೆ. ಕಂಪ್ಯೂಟರು ಯಾವುದನ್ನಾದರೂ ಬರೆಯಬೇಕಾದರೆ ಮನೆ ನಂಬರು ಹೇಳಬೇಕು. ಆ ನಂಬರು ಬರೆಯಲು ಫಾರಂನಲ್ಲಿ ಎಷ್ಟು ಚೌಕಳಿ ಇವೆಯೋ ಊರು ಅಷ್ಟೇ ದೊಡ್ಡದಾಗಬಹುದು. ಮೂರೇ ಚೌಕಳಿ ಇದ್ದರೆ ಸಾವಿರದ ಒಂದನೇ ಮನೆಗೆ ಕಾಗದ ಹೋಗುವುದಿಲ್ಲ. ಮನೆ ಇರುತ್ತದೆ, ಅಂಚೆಯವನಿಗೆ ಮಾತ್ರ ಇಲ್ಲ.

ಮೊದಮೊದಲಿಗೆ ಈ ವಿಳಾಸ ಸಿಲಿಂಡರ್, ಹೆಡ್, ಸೆಕ್ಟರ್ ಎಂಬ ಮೂರು ಭಾಗಗಳಲ್ಲಿತ್ತು. ಯಂತ್ರವನ್ನು ಎಬ್ಬಿಸುವ, ಬೋರ್ಡಿನೊಳಗಿನ ತಂತ್ರಾಂಶವಾದ ಬಯಾಸ್‌ಗೆ ಸಿಲಿಂಡರಿನ ಲೆಕ್ಕ 1024ರವರೆಗೆ ಮಾತ್ರ ಬರುತ್ತಿತ್ತು, ಹೆಡ್ಡಿನ ಲೆಕ್ಕ ಧಾರಾಳ. ಐಡಿಇ ಡಿಸ್ಕಿಗೆ ಸಿಲಿಂಡರ್ 65,536ರವರೆಗೆ ಬರುತ್ತಿತ್ತು, ಹೆಡ್ಡು ಮಾತ್ರ ಹದಿನಾರೇ. ಬಯಾಸ್ ಒಂಟಿಯಾಗಿ 8.4 ಜಿಬಿ ಎಣಿಸಬಲ್ಲದು, ಡಿಸ್ಕು ಒಂಟಿಯಾಗಿ ನೂರಕ್ಕೂ ಹೆಚ್ಚು ಜಿಬಿ. ಇಬ್ಬರನ್ನೂ ಕೂರಿಸಿ ಮಾತಾಡಿಸಿದರೆ ಪ್ರತಿ ಭಾಗದಲ್ಲೂ ಚಿಕ್ಕ ಸಂಖ್ಯೆಯೇ ನಿಲ್ಲಬೇಕು: 1024 ಸಿಲಿಂಡರ್, 16 ಹೆಡ್, 63 ಸೆಕ್ಟರ್, ಗುಣಿಸು 512. ಬಂದದ್ದು 528 ಎಂಬಿ! ಎರಡು ಶ್ರೀಮಂತ ಮನೆಗಳ ನಡುವೆ ಸಂಬಂಧ ಬೆಳೆದು ಊಟಕ್ಕೆ ಗಂಜಿ ಸಿಕ್ಕ ಹಾಗೆ. ತೊಂಬತ್ತರ ದಶಕದ ನಡುವಿನಲ್ಲಿ ದೊಡ್ಡ ಡಿಸ್ಕು ಕೊಂಡವರನ್ನೆಲ್ಲ ಕಾಡಿದ್ದು ಈ ಗುಣಾಕಾರವೇ.

ಆಮೇಲೆ ಮೂರು ಭಾಗದ ವಿಳಾಸ ಬಿಟ್ಟು ಒಂದೇ ಸಾಲಿನ ನಂಬರು ಬಂತು. ಅದಕ್ಕೆ 28 ಅಂಕಿಗಳ ದ್ವಿಮಾನ ಸಂಖ್ಯೆ ಇಟ್ಟರು. ಸುಮಾರು 26 ಕೋಟಿ 84 ಲಕ್ಷ ಮನೆ, ಅಂದರೆ 137 ಜಿಬಿ. ಅಷ್ಟು ಸಾಕು ಎಂದುಕೊಂಡಿದ್ದರು. ಸಾಕಾಗಲಿಲ್ಲ. ವಿಂಡೋಸ್ 98ರಲ್ಲಿ ಈ ಗಡಿ ದಾಟಿದರೆ ಹಳೆ ಸ್ಕೂಟರಿನ ಮೀಟರಿನ ಹಾಗೆ ಎಣಿಕೆ ಮತ್ತೆ ಸೊನ್ನೆಗೆ ಬರುತ್ತಿತ್ತು. ಡಿಸ್ಕಿನ ಕೊನೆಯಲ್ಲಿ ಬರೆಯಬೇಕಾದ್ದನ್ನು ಮೊದಲ ಮನೆಗಳ ಮೇಲೆ ಬರೆದುಬಿಡುತ್ತಿತ್ತು, ಅಲ್ಲಿದ್ದದ್ದು ಹರೋಹರ. 48 ಅಂಕಿಯ ವಿಳಾಸ ಬಂದು ಈ ಗೋಳು ತಪ್ಪಿತು. ಎಕ್ಸ್‌ಪಿಗೆ ಅದು ಸಿಕ್ಕಿದ್ದು 2002ರ ಸರ್ವಿಸ್ ಪ್ಯಾಕ್ ಒಂದರಲ್ಲಿ. ಆದ್ದರಿಂದ ಎಕ್ಸ್‌ಪಿ ಇರುವವರು ಮೊದಲು ಮೈ ಕಂಪ್ಯೂಟರಿನ ಪ್ರಾಪರ್ಟೀಸ್ ತೆರೆದು ಸರ್ವಿಸ್ ಪ್ಯಾಕ್ ನಂಬರು ನೋಡಿಕೊಳ್ಳಬೇಕು. ಭಾವನದು ಮೂರು. ಬಚಾವ್.

ಇಲ್ಲಿಗೆ ಮುಗಿಯಲಿಲ್ಲ. ಡಿಸ್ಕಿನ ತಲೆಬಾಗಿಲಲ್ಲಿ ಯಾವ ವಿಭಾಗ ಎಲ್ಲಿಂದ ಎಲ್ಲಿಗೆ ಎಂದು ಬರೆದಿಟ್ಟ ಒಂದು ಪಟ್ಟಿ ಇರುತ್ತದೆ. ಹಳೆ ಪದ್ಧತಿಯ ಎಂಬಿಆರ್ ಪಟ್ಟಿಯಲ್ಲಿ ನಂಬರಿಗೆ ಇರುವುದು 32 ಅಂಕಿ. 429 ಕೋಟಿ ಮನೆ, 2.2 ಟಿಬಿ. ಅದರಾಚೆಗೆ ಜಿಪಿಟಿ ಎಂಬ ಹೊಸ ಪಟ್ಟಿ ಬೇಕು. 32 ಬಿಟ್ಟಿನ ಎಕ್ಸ್‌ಪಿಗೆ ಅದನ್ನು ಓದಲು ಬಾರದು. ವಿಸ್ಟಾ, ವಿಂಡೋಸ್ 7 ಇದ್ದವರಿಗೆ ಓದಲು ಬರುತ್ತದೆ, ಆದರೆ ಅಂಥ ಡಿಸ್ಕಿನಿಂದ ವಿಂಡೋಸನ್ನೇ ಬೂಟ್ ಮಾಡಲು ಬಯಾಸ್ ಬದಲು ಯುಇಎಫ್‌ಐ ಇರುವ ಬೋರ್ಡು ಬೇಕು. ನಾಲ್ಕು ಟಿಬಿ ಡಿಸ್ಕು ಒಳ್ಳೆ ಬೆಲೆಗೆ ಸಿಗುತ್ತದೆ ಎಂದು ಭಾವನಿಗೆ ಆಸೆ ಹುಟ್ಟಿತ್ತು. ಪಿನ್ನು ಚೆನ್ನಾಗಿಯೇ ಹೊಂದುತ್ತಿತ್ತು. ಎಣಿಕೆ ಹೊಂದುತ್ತಿರಲಿಲ್ಲ. ಎಕ್ಸ್‌ಪಿ ಮನೆಗೆ ಎರಡು ಟಿಬಿಯೇ ಮೇಲ್ಮಿತಿ. ಒಂದು ಸಾಕು ಎಂದು ನಿಕ್ಕಿ ಮಾಡಿದೆವು.

ಆ ಒಂದು ಟಿಬಿ ಕಂಪ್ಯೂಟರಿನಲ್ಲಿ 931 ಜಿಬಿ ಎಂದು ಕಾಣುತ್ತದೆ. ಅಂಗಡಿಯವನು ಮೋಸ ಮಾಡಿದನೆಂದು ಜಗಳಕ್ಕೆ ಹೋಗಬೇಡಿ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಸೇರಿಗೂ ಲೀಟರಿಗೂ ಇದ್ದ ತಕರಾರೇ ಇದು, ಅಕ್ಕಿ ಅಷ್ಟೇ.

ಎಸ್.ಪಿ. ರಸ್ತೆಗೆ, ಅಂದರೆ ಸಾದರ ಪತ್ರಪ್ಪ ರಸ್ತೆಗೆ, ಹೋದವನು ನಾನು. ಅಲ್ಲಿ ಮೂರೂವರೆ ಇಂಚಿನ ಡಿಸ್ಕಿಗೆ ಈಗ ಹೆಚ್ಚು ಗಿರಾಕಿ ಸಿಸಿಟಿವಿ ಹಾಕುವವರು. ಅರ್ಧ ಬೆಲೆಗೆ ಒಂದು ತೋರಿಸಿ "ಟೆಸ್ಟೆಡ್ ಪೀಸ್ ಸರ್" ಎಂದರು. ತಿರುಗಿಸಿ ನೋಡಿದೆ. ಸ್ಕ್ರೂ ತೂತುಗಳ ಸುತ್ತ ಬಣ್ಣ ಕೆತ್ತಿಹೋಗಿತ್ತು. ಅಲ್ಲೇ ಅವರ ಕಂಪ್ಯೂಟರಿಗೆ ಸಿಕ್ಕಿಸಿ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ತೆರೆಯಿರಿ ಎಂದೆ. ಇದು ಡಿಸ್ಕು ತನ್ನ ಬಗ್ಗೆ ತಾನೇ ಬರೆದಿಟ್ಟುಕೊಂಡ ಲೆಕ್ಕಪತ್ರವನ್ನು ಓದಿ ತೋರಿಸುವ ಉಚಿತ ತಂತ್ರಾಂಶ. ಓಡಿದ ಗಂಟೆ 41 ಸಾವಿರ ಚಿಲ್ಲರೆ. ವರ್ಷಕ್ಕೆ 8,760 ಗಂಟೆ, ಭಾಗಿಸಿ ನೋಡಿ. ಯಾವುದೋ ಗೋಡೌನಿನ ಬಾಗಿಲನ್ನು ಹಗಲು ರಾತ್ರಿ ನಾಲ್ಕೂವರೆ ವರ್ಷಕ್ಕೂ ಮಿಕ್ಕಿ ನೋಡುತ್ತ ಕೂತಿದ್ದ ಡಿಸ್ಕು ಅದು. ಈ ಗಂಟೆಯ ಲೆಕ್ಕವನ್ನು ಅಳಿಸಿ ಸೊನ್ನೆ ಮಾಡುವ ಕಿಲಾಡಿಗಳೂ ಇದ್ದಾರೆ, ಹಾಗಾಗಿ ಸ್ಕ್ರೂ ತೂತನ್ನೂ ನೋಡಬೇಕು. ಸೀಲು ಒಡೆಯದ, ಬಿಲ್ಲು ಕೊಡುವ ಹೊಸ ಡಿಸ್ಕು ತಂದೆ.

ಕೊಳ್ಳುವಾಗ ಇನ್ನೊಂದು ವಿಷಯ ಕೇಳಬೇಕು: ಸಿಎಂಆರೋ ಎಸ್‌ಎಂಆರೋ. ಎಸ್‌ಎಂಆರ್ ಡಿಸ್ಕಿನಲ್ಲಿ ಬರಹದ ಪಟ್ಟಿಗಳು ಒಂದರ ಅಂಚಿನ ಮೇಲೆ ಇನ್ನೊಂದು ಹೊದ್ದುಕೊಂಡಿರುತ್ತವೆ, ನಮ್ಮ ಕಡೆ ಮಾಡಿಗೆ ಹೊದಿಸಿದ ಮಂಗಳೂರು ಹಂಚಿನ ಹಾಗೆ. ಜಾಗ ಉಳಿಯುತ್ತದೆ ನಿಜ. ಆದರೆ ಕೆಳಗಿನ ಒಂದು ಹಂಚು ಬದಲಿಸಬೇಕಾದರೆ ಮೇಲಿನವನ್ನೆಲ್ಲ ಎತ್ತಿ ಮತ್ತೆ ಹೊದಿಸಬೇಕು. ಬರೆದದ್ದರ ಮೇಲೆ ಮತ್ತೆ ಮತ್ತೆ ಬರೆಯುವ ಕೆಲಸಕ್ಕೆ ಅದು ತಡವರಿಸುತ್ತದೆ. ತಯಾರಕರು ಇದನ್ನು ಹೇಳದೆ ಮಾರುತ್ತಿದ್ದಾರೆಂದು 2020ರಲ್ಲಿ ದೊಡ್ಡ ಗಲಾಟೆಯೇ ಆಯಿತು. ಒಮ್ಮೆ ಬರೆದಿಟ್ಟು ಬೇಕಾದಾಗ ಓದುವ ಭಾವನಂಥವರಿಗೆ ಅದು ನಡೆಯುತ್ತದೆ. ಗೊತ್ತಿದ್ದು ಕೊಳ್ಳಬೇಕು ಅಷ್ಟೇ.

ಎಸ್‌ಎಸ್‌ಡಿ ಯಾಕೆ ಬೇಡ ಎಂದು ಕೇಳುವವರು ಇದ್ದೇ ಇರುತ್ತಾರೆ. ವಿಂಡೋಸ್ 7 ಅಥವಾ ಅದರ ಮೇಲಿನದಿದ್ದರೆ ಮೊದಲ ಡಿಸ್ಕನ್ನೇ ತೆಗೆದು ಸಾಟಾ ಎಸ್‌ಎಸ್‌ಡಿ ಹಾಕಿ, ಮುದಿ ಎತ್ತು ಹೋರಿಯಾಗುತ್ತದೆ. ಚೂಯಿಂಗ್ ಗಮ್ಮಿನ ಪಟ್ಟಿಯಂಥ ಎನ್‌ವಿಎಂಇ ತರಬೇಡಿ, ಅದರ ಸ್ಲಾಟೇ ಈ ಬೋರ್ಡುಗಳಲ್ಲಿಲ್ಲ. ಎಕ್ಸ್‌ಪಿಗೆ ಎಸ್‌ಎಸ್‌ಡಿಯನ್ನು ಚೊಕ್ಕಟವಾಗಿಡುವ ಟ್ರಿಮ್ ಎಂಬ ಆಜ್ಞೆ ಗೊತ್ತಿಲ್ಲ. ನಮಗೆ ಬೇಕಾದ್ದು ಓಟವೂ ಅಲ್ಲ, ಕಣಜ.

ಹೊಸ ಡಿಸ್ಕನ್ನು ಎಕ್ಸ್‌ಪಿಯ ಕೈಗೆ ನೇರವಾಗಿ ಕೊಡಬಾರದು. ಇದು ನಾನೇ ಒಮ್ಮೆ ಕೆಟ್ಟು ಕಲಿತದ್ದು. ಸುಮಾರು 2011ರಿಂದೀಚಿನ ಡಿಸ್ಕುಗಳ ಒಳಗೆ ನಿಜವಾದ ಮನೆ 512 ಬೈಟಿನದಲ್ಲ, 4096ರದ್ದು. ಎಂಟು ಹಳೆ ಮನೆ ಸೇರಿ ಒಂದು ದೊಡ್ಡ ಮನೆ. ಹೊರಗೆ ಮಾತ್ರ ಹಳೆ ನಂಬರುಗಳನ್ನೇ ತೋರಿಸುತ್ತವೆ. ಎಕ್ಸ್‌ಪಿ ತನ್ನ ಮೊದಲ ವಿಭಾಗವನ್ನು 63ನೇ ನಂಬರಿನಿಂದ ಶುರುಮಾಡುತ್ತದೆ. 63 ಎಂಟರಿಂದ ಭಾಗವಾಗುವುದಿಲ್ಲ. ಹಾಗಾಗಿ ಅದು ಒಂದು ಕಡತದ ತುಂಡು ಅಂದುಕೊಂಡದ್ದೆಲ್ಲ ಎರಡು ದೊಡ್ಡ ಮನೆಗಳ ಗೋಡೆಯ ಮೇಲೆ ಕೂರುತ್ತದೆ. ಒಂದು ಬರೆಯಬೇಕಾದ ಕಡೆ ಎರಡನ್ನು ಓದಿ, ತಿದ್ದಿ, ಮತ್ತೆ ಬರೆಯಬೇಕು. ಡಿಸ್ಕು ಕೆಡುವುದಿಲ್ಲ, ಕುಂಟುತ್ತದೆ. ವಿಸ್ಟಾದ ನಂತರದ ವಿಂಡೋಸ್‌ಗಳು 2048ರಿಂದ ಶುರುಮಾಡುತ್ತವೆ, ಅದು ಎಂಟರಿಂದ ನಿಶ್ಶೇಷ. ಅದಕ್ಕೇ ಡಿಸ್ಕನ್ನು ಮೊದಲು ಅಕ್ಕನ ಮಗಳ ಲ್ಯಾಪ್‌ಟಾಪಿಗೆ ಯುಎಸ್‌ಬಿ ಅಡಾಪ್ಟರಿನಲ್ಲಿ ಸಿಕ್ಕಿಸಿ, ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಎಂಬಿಆರ್ ಆರಿಸಿ, ಎನ್‌ಟಿಎಫ್‌ಎಸ್ ಫಾರ್ಮ್ಯಾಟ್ ಮಾಡಿಟ್ಟೆ. ಸಿದ್ಧಮಾಡಿದ್ದನ್ನು ಎಕ್ಸ್‌ಪಿ ತಕರಾರಿಲ್ಲದೆ ಓದುತ್ತದೆ, ಬರೆಯುತ್ತದೆ.

ಇನ್ನು ಕೂರಿಸುವ ಕೆಲಸ. ಪ್ಲಗ್ಗು ಕಿತ್ತಿಟ್ಟು, ಕ್ಯಾಬಿನೆಟ್ಟಿನ ಬರಿ ಲೋಹ ಮುಟ್ಟಿ ಮೈಯ ಸ್ಥಾಯಿ ವಿದ್ಯುತ್ ಕಳೆದುಕೊಂಡು ಶುರುಮಾಡಿದೆ. ಭಾವ ಸ್ಕ್ರೂಗಳ ಹಳೆ ಮಾತ್ರೆ ಡಬ್ಬಿ ತಂದರು. ಅದರಲ್ಲಿ ಎರಡು ಜಾತಿ. ಹಾರ್ಡ್ ಡಿಸ್ಕಿನದು ದಪ್ಪ ಮರೆಯದು, ಡಿವಿಡಿ ರೈಟರಿನದು ಸಣ್ಣ ಮರೆಯದು. ಪಕ್ಕಪಕ್ಕ ಹಿಡಿದರೆ ಮಾತ್ರ ವ್ಯತ್ಯಾಸ ಕಾಣುತ್ತದೆ. ತಪ್ಪಿದ್ದನ್ನು ಬಲವಂತ ಮಾಡಿ ತಿರುಗಿಸಿದರೆ ಮೆತ್ತನೆಯ ಅಲ್ಯೂಮಿನಿಯಂ ಮೈಯ ಮರೆ ಹೋಗುತ್ತದೆ. ಹಳೆ ಡಿಸ್ಕಿಗೆ ತಾಗದ ಹಾಗೆ ಒಂದು ಅಂಕಣ ಬಿಟ್ಟು ಕೂರಿಸಿದೆ, ನಡುವೆ ಗಾಳಿ ಆಡಲಿ ಅಂತ.

ಒಳಗೆಲ್ಲ ಕರೆಂಟು ಹಂಚುವ ಎಸ್‌ಎಂಪಿಎಸ್ ಪೆಟ್ಟಿಗೆಯಿಂದ ಬಂದ ಸಾಟಾ ಪವರ್ ತಂತಿ ಒಂದೇ, ಅದು ಹಳೆ ಡಿಸ್ಕಿನ ಬಾಯಲ್ಲಿತ್ತು. ಮಿಕ್ಕದ್ದೆಲ್ಲ ನಾಲ್ಕು ಪಿನ್ನಿನ ಹಳೆ ಮೊಲೆಕ್ಸ್: ಹಳದಿ 12 ವೋಲ್ಟು, ಕೆಂಪು 5, ಎರಡು ಕಪ್ಪು ಅರ್ತು. ಅದನ್ನು ಸಾಟಾಕ್ಕೆ ಬದಲಿಸುವ ಅಡಾಪ್ಟರ್ ಪುಡಿಗಾಸಿಗೆ ಸಿಗುತ್ತದೆ. ಆದರೆ ಅದನ್ನು ಕೊಳ್ಳುವಾಗ ಕನ್ನಡಕ ಹಾಕಿಕೊಳ್ಳಿ. ತಂತಿಗಳ ಮೇಲೆ ಪ್ಲಾಸ್ಟಿಕ್ ಕರಗಿಸಿ ಒಂದೇ ಗಟ್ಟಿಯಾಗಿ ಎರಕ ಹೊಯ್ದದ್ದು ಬೇಡ. ಒಳಗೆ ತಂತಿಗಳು ಒಂದಕ್ಕೊಂದು ಹತ್ತಿರ ಸರಿದು ಶಾರ್ಟ್ ಆಗಿ ಡಿಸ್ಕು ಸಮೇತ ಸುಟ್ಟ ಉದಾಹರಣೆಗಳಿವೆ. ಪ್ರತಿ ತಂತಿಯೂ ಬೇರೆಬೇರೆಯಾಗಿ ಕಚ್ಚಿ ಕೂತದ್ದು, ಹಿಂದೆ ಮುಚ್ಚಳವಿರುವಂಥದ್ದು ತನ್ನಿ. ಡಿಸ್ಕು ತಿರುಗಲು ಶುರುಮಾಡುವ ಮೊದಲ ಕೆಲವು ಸೆಕೆಂಡು 12 ವೋಲ್ಟಿನಲ್ಲಿ ಎರಡು ಆಂಪಿಯರ್‌ನಷ್ಟು ಎಳೆಯುತ್ತದೆ, ಆಮೇಲೆ ಅದರ ಕಾಲುಭಾಗಕ್ಕೆ ಇಳಿಯುತ್ತದೆ. ಸ್ಟಿಕ್ಕರಿನಲ್ಲಿ 450 ವ್ಯಾಟ್ ಎಂದು ಬರೆದುಕೊಂಡ ಅಗ್ಗದ ಎಸ್‌ಎಂಪಿಎಸ್‌ಗಳ ಬಂಡವಾಳ ಬಯಲಾಗುವುದು ಆ ಕೆಲವು ಸೆಕೆಂಡುಗಳಲ್ಲಿ.

ಸ್ವಿಚ್ ಹಾಕಿದೆವು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ: ಡಿಸ್ಕ್ ಬೂಟ್ ಫೇಲ್ಯೂರ್, ಇನ್ಸರ್ಟ್ ಸಿಸ್ಟಮ್ ಡಿಸ್ಕ್ ಆ್ಯಂಡ್ ಪ್ರೆಸ್ ಎಂಟರ್.

ಭಾವ ಮಾತಾಡಲಿಲ್ಲ. ಎದ್ದು ಹೋಗಿ ಅಂಗಡಿಯ ಶಟರನ್ನು ಅರ್ಧ ಇಳಿಸಿ ಬಂದರು. ಅಕ್ಷಯ ತದಿಗೆಗೆ ಒಂಬತ್ತು ದಿನ ಬಾಕಿಯಿತ್ತು.

ನನಗೂ ಎದೆ ಧಸಕ್ಕೆಂದದ್ದು ಸುಳ್ಳಲ್ಲ. ಆದರೆ ಆದದ್ದು ಇಷ್ಟೇ. ಕೈ ಸುಲಭವಾಗಿ ಹೋಗಲೆಂದು ಹಳೆ ಕೇಬಲ್ ಕಿತ್ತು, ಮತ್ತೆ ಸಿಕ್ಕಿಸುವಾಗ ಹೊಸ ಡಿಸ್ಕನ್ನು ಮೊದಲ ಪೋರ್ಟಿಗೆ ಹಾಕಿದ್ದೆ. ಬಯಾಸ್ ಮೊದಲ ಪೋರ್ಟಿನವನನ್ನೇ ಯಜಮಾನ ಎಂದುಕೊಂಡು ಅವನ ಹತ್ತಿರ ವಿಂಡೋಸ್ ಕೇಳಿತು. ಅವನ ಬಳಿ ಇರಲಿಲ್ಲ. ಡಿಲೀಟ್ ಒತ್ತಿ ಬಯಾಸ್ ಒಳಗೆ ಹೋಗಿ ಹಾರ್ಡ್ ಡಿಸ್ಕ್ ಬೂಟ್ ಪ್ರಯಾರಿಟಿಯಲ್ಲಿ ಹಳೆಯದನ್ನು ಮೇಲಕ್ಕೆ ತಂದೆ. ಹಸಿರು ಗುಡ್ಡದ ಎಕ್ಸ್‌ಪಿ ಚಿತ್ರ ಬಂತು. ಭಾವ ಶಟರ್ ಎತ್ತಿದರು.

ಮಾರನೆ ಬೆಳಿಗ್ಗೆ ಮತ್ತದೇ ಸಂದೇಶ. ಈ ಸಲ ಗಡಿಯಾರವೂ ಜನವರಿ ಒಂದಕ್ಕೆ ಹೋಗಿತ್ತು, ಕಳ್ಳ ಸಿಕ್ಕಿಬಿದ್ದ. ಬೋರ್ಡಿನ ಮೇಲಿರುವ ಸಿಆರ್2032 ಬಟನ್ ಸೆಲ್ಲು ಸತ್ತಿತ್ತು. ಮೇನ್ ಸ್ವಿಚ್ ಆರಿಸಿದೊಡನೆ ಬಯಾಸ್‌ಗೆ ನಾವು ಹೇಳಿದ್ದೆಲ್ಲ ಮರೆತುಹೋಗುತ್ತಿತ್ತು. ಪಕ್ಕದ ವಾಚಿನಂಗಡಿಯಲ್ಲಿ ಅದು ಸಿಕ್ಕಿತು. ಹಳೆ ಯಂತ್ರ ಬಿಚ್ಚುವವರು ಡಿಸ್ಕಿನ ಜೊತೆಗೇ ಈ ಸೆಲ್ಲನ್ನೂ ತಂದಿಟ್ಟುಕೊಳ್ಳುವುದು ಒಳ್ಳೆಯದು.

ಹೊಸ ಡಿಸ್ಕಿಗೆ ಎಫ್ ಅಕ್ಷರ ಬಂತು. ಭಾವ ಡಿ ಡ್ರೈವಿನ ಫೋಟೋಗಳನ್ನೆಲ್ಲ ಅಲ್ಲಿಗೆ ಎಳೆದು ಹಾಕಲು ಹೊರಟಾಗ ಕೈ ಹಿಡಿದೆ. ಪೇಜ್‌ಮೇಕರ್ ಎಲ್ಲ ಚಿತ್ರಗಳನ್ನೂ ಕಡತದೊಳಗೆ ಇಟ್ಟುಕೊಳ್ಳುವುದಿಲ್ಲ, ಎಷ್ಟೋ ಸಲ ಅವು ಎಲ್ಲಿವೆ ಎಂಬ ವಿಳಾಸವನ್ನಷ್ಟೇ ಬರೆದುಕೊಳ್ಳುತ್ತದೆ. ಡಿ ಎಂದಿದ್ದದ್ದು ಎಫ್ ಆದರೆ ಹದಿನೈದು ವರ್ಷದ ಪ್ರತಿಯೊಂದು ಕಾರ್ಡೂ ತೆರೆದೊಡನೆ ಗಣಪತಿ ಎಲ್ಲಿ, ಕಳಶ ಎಲ್ಲಿ ಎಂದು ಕೇಳುತ್ತದೆ. ಇದಕ್ಕೆ ಉಪಾಯ ಸರಳ. ಡಿಯನ್ನು ಇದ್ದಹಾಗೇ ಹೊಸದಕ್ಕೆ ನಕಲಿಸಿದೆವು. ಎರಡು ಗಂಟೆ ಮೀರಿ ಹಿಡಿಯಿತು. ಆಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಹಳೆ ಡಿಗೆ ಎಚ್ ಎಂದು ಹೆಸರಿಟ್ಟು, ಡಿ ಎಂಬ ಹೆಸರನ್ನು ಹೊಸ ಡಿಸ್ಕಿಗೆ ಕೊಟ್ಟೆವು. 2009ರ ಒಂದು ಮದುವೆ ಕಾಗದ ತೆರೆದು ನೋಡಿದರು. ಗಣಪತಿ ತನ್ನ ಜಾಗದಲ್ಲೇ ಇದ್ದ.

ರಾತ್ರಿ ಊಟಕ್ಕೆ ಕೂತಾಗ ಭಾವ ಖುಷಿಯಲ್ಲಿದ್ದರು. ಈಗ ಎರಡೆರಡು ಕಡೆ ಇದೆ, ಒಂದು ಹೋದರೂ ಇನ್ನೊಂದು ಇರುತ್ತೆ ಅಂದರು. ಸಾರು ಬಡಿಸುತ್ತಿದ್ದ ಅಕ್ಕ ಸೌಟು ಹಿಡಿದು ನಿಂತಳು.

"ಎರಡೂ ಅದೇ ಡಬ್ಬದಲ್ಲಿ ಇದ್ಯಲ್ಲ. ಹೋದ ವರ್ಷ ಭರಣಿ ಮಳೇಲಿ ಸಿಡಿಲು ಹೊಡ್ದು ಟಿವಿ, ಫ್ಯಾನು, ಮೋಟ್ರು ಒಟ್ಟಿಗೇ ಹೋಯ್ತಲ್ಲ, ಡಿಸ್ಕು ಒಂದೊಂದೇ ಹೋಗುತ್ತಾ?"

ನಾನು ಹೇಳಬೇಕೆಂದಿದ್ದ ಮಾತು. ಒಂದೇ ಎಸ್‌ಎಂಪಿಎಸ್ ಇಬ್ಬರಿಗೂ ಉಣಿಸುತ್ತದೆ, ಅದು ಕೆಟ್ಟು ಹೆಚ್ಚು ವೋಲ್ಟು ಬಿಟ್ಟರೆ ಇಬ್ಬರಿಗೂ ಒಟ್ಟಿಗೇ ವಿಷ. ಪೆನ್‌ಡ್ರೈವಿನಲ್ಲಿ ವೈರಸ್ ಬಂದರೂ ಎರಡೂ ಡ್ರೈವು ಅದರ ಕಣ್ಣಿಗೆ ಕಾಣುತ್ತವೆ. ಕಣಜ ದೊಡ್ಡದಾಯಿತು, ನಿಜ. ಕಣಜ ಇರುವುದು ಅದೇ ಮಾಡಿನ ಕೆಳಗೆ.

ಮರುವಾರ ಭಾವ ಕಿಸೆಗೆ ಹಿಡಿಯುವ ಯುಎಸ್‌ಬಿ ಡಿಸ್ಕೊಂದನ್ನು ಕೊಂಡರು. ಶನಿವಾರ ಸಂಜೆ ಅಂಗಡಿ ಮುಚ್ಚುವ ಮುಂಚೆ ವಾರದ ಕೆಲಸ ಅದಕ್ಕೆ ನಕಲಾಗುತ್ತದೆ. ಖಾಲಿ ಟಿಫಿನ್ ಕ್ಯಾರಿಯರ್ ಜೊತೆ ಅದೂ ಅದೇ ಚೀಲದಲ್ಲಿ ಮನೆಗೆ ಬರುತ್ತದೆ. ಮಳೆಗಾಲದ ಥಂಡಿಗೆಂದು ಅಕ್ಕ ಅದನ್ನು ಹಪ್ಪಳದ ಡಬ್ಬಿಯಲ್ಲಿ ಇಡುತ್ತಾಳೆ. ಮುಚ್ಚಳ ಬಿಗಿ ಇರುವುದು ಅದೊಂದಕ್ಕೇ ಅಂತೆ.